ನಿಮ್ಮ ವೆಬ್‌ಸೈಟ್ ಅಂದ್ರೆ ಒಂದು ಫೋಲ್ಡರ್

ಸ್ವಂತ ವೆಬ್‌ಸೈಟ್ ಮಾಡುವುದು ಹೇಗೆ ಅಂತ ಮಂಡ್ಯದಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಪರದೆ ಮೇಲೆ ಒಂದು ಫೋಲ್ಡರ್ ತೋರಿಸುತ್ತೇನೆ. ಹೆಸರು ‘ಆಲೆಮನೆ’. ಒಳಗೆ ನಾಲ್ಕು ಫೈಲು, ಫೋಟೋಗಳಿಗೆ ಇನ್ನೊಂದು ಪುಟ್ಟ ಫೋಲ್ಡರ್. ಎಲ್ಲಾ ಸೇರಿ ಮೂರು ಎಂಬಿ ಕೂಡ ಇಲ್ಲ. ಬೆಳಿಗ್ಗೆ ನಿಮ್ಮ ವಾಟ್ಸಾಪಿಗೆ ಬಂದ ಶುಭೋದಯದ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ. ಇದೇ ನನ್ನ ವೆಬ್‌ಸೈಟ್. ನೀವು ಫೋನಿನಲ್ಲಿ ವಿಳಾಸ ಒತ್ತಿ ನೋಡುವುದು ಇದರ ನಕಲು. ಅಸಲು ಇಲ್ಲೇ, ನನ್ನ ಲ್ಯಾಪ್‌ಟಾಪಿನಲ್ಲಿದೆ. ಇನ್ನೊಂದು ಪ್ರತಿ ಮನೆಯ ಬೀರುವಿನಲ್ಲಿ ಪೆನ್ ಡ್ರೈವಿನಲ್ಲಿದೆ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಫೋಲ್ಡರ್ ನಿಮ್ಮ ಕೈಯಲ್ಲಿರಲಿ, ವಿಳಾಸ ನಿಮ್ಮ ಹೆಸರಿನಲ್ಲಿರಲಿ. ಉಳಿದಿದ್ದೆಲ್ಲಾ ಯಾವಾಗ ಬೇಕಾದರೂ ಬದಲಾಯಿಸಬಹುದು. ಇದನ್ನು ನಾನು ಕಲಿತದ್ದು ಸ್ವಲ್ಪ ಕಷ್ಟಪಟ್ಟು. ಆ ಕತೆ ಆಮೇಲೆ ಹೇಳುತ್ತೇನೆ.

ಮೊದಲು, ನನಗೆ ಈ ವೆಬ್‌ಸೈಟ್ ಯಾಕೆ ಬೇಕಾಯ್ತು ಅಂತ. ನಮ್ಮಪ್ಪ ಆಲೆಮನೆ ನಡೆಸುತ್ತಿದ್ದರು. ನಾನು ಓದಿದ್ದು, ನನ್ನ ಅಕ್ಕನ ಮದುವೆಯಾದದ್ದು ಎಲ್ಲಾ ಬೆಲ್ಲದ ದುಡ್ಡಲ್ಲೇ. ಈಗ ಆ ಆಲೆಮನೆ ಇಲ್ಲ. ಕೊಪ್ಪರಿಗೆ ಇಟ್ಟಿದ್ದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತೇವೆ. ಒಂದು ದಿನ ನನ್ನ ಮಗಳು, “ಅಪ್ಪಾ, ರಚ್ಚು ಅಂದ್ರೇನು?” ಅಂತ ಕೇಳಿದಳು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ, ಅದನ್ನೇ ಒಣಗಿಸಿ ಒಲೆಗೆ ಹಾಕುತ್ತಿದ್ದೆವು ಅಂತ ಹೇಳಿದೆ. ಹೇಳುವಾಗ ನನಗೇ ಒಂಥರಾ ಆಯ್ತು. ನಮ್ಮ ಮನೆಯ ಮಗುವಿಗೇ ಈ ಪದ ಗೊತ್ತಿಲ್ಲವಲ್ಲ ಅಂತ.

ಅವತ್ತಿನಿಂದ ಅಪ್ಪನನ್ನು ಕೂರಿಸಿಕೊಂಡು ಒಂದೊಂದೇ ಪದ ಬರೆದುಕೊಂಡೆ. ಗಾಣ, ಕೊಪ್ಪರಿಗೆ, ಪಾಕ, ಅಚ್ಚು. ಕಬ್ಬಿನ ಹಾಲು ಕಾಯುವಾಗ ಎಷ್ಟು ಸುಣ್ಣ ಹಾಕಬೇಕು, ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಯಾಕೆ ಬಿಡಬೇಕು. ಲೋಳೆ ಬಿಟ್ಟರೆ ಹಾಲಿನ ಕೊಳೆಯೆಲ್ಲಾ ಮೇಲೆ ತೇಲಿ ಬರುತ್ತದೆ, ಅದನ್ನು ತೆಗೆದರೆ ಬೆಲ್ಲ ಬೆಳ್ಳಗಾಗುತ್ತದೆ. ಪಾಕ ಹದಕ್ಕೆ ಬಂತಾ ಅಂತ ನೋಡಲು ನೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಇದನ್ನೆಲ್ಲಾ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಚೆನ್ನಾಗಿದೆ ಅಂದರು. ಮೂರನೇ ದಿನ ಅದು ನೂರಾರು ಮೆಸೇಜಿನ ಕೆಳಗೆ ಹೋಗಿತ್ತು. ಆರು ತಿಂಗಳಿಗೆ ನನ್ನ ಫೋನೇ ಹಾಳಾಯ್ತು. ಆಗ ಅನ್ನಿಸಿತು, ಇದಕ್ಕೆ ಅಂತ ಒಂದು ಜಾಗ ಬೇಕು, ಯಾರು ಯಾವಾಗ ಬಂದರೂ ಸಿಗುವಂಥದ್ದು.

ವೆಬ್ ಹುಟ್ಟಿದ್ದೂ ಹೆಚ್ಚು ಕಡಿಮೆ ಇಂಥ ಅಗತ್ಯಕ್ಕೇ. ಸ್ವಿಟ್ಜರ್ಲೆಂಡಿನಲ್ಲಿರುವ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಸಾವಿರಾರು ವಿಜ್ಞಾನಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಅವರ ಬರಹಗಳು ಚೆಲ್ಲಾಪಿಲ್ಲಿಯಾಗಿ ಕಳೆದುಹೋಗುತ್ತಿದ್ದವು. ಅಲ್ಲೇ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಅದಕ್ಕೊಂದು ದಾರಿ ಬರೆದುಕೊಟ್ಟರು. 1991ರಲ್ಲಿ ಮೊದಲ ವೆಬ್‌ಸೈಟ್ ಹೊರಜಗತ್ತಿಗೆ ತೆರೆಯಿತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಆ ಮೊದಲ ಸೈಟಿನ ಹಳೆಯ ಪ್ರತಿಯೊಂದನ್ನು ಈಗಲೂ ಅದೇ ವಿಳಾಸದಲ್ಲಿ ಇಟ್ಟಿದ್ದಾರೆ. ನಿಮ್ಮ ಫೋನಿನಲ್ಲೂ ತೆರೆಯುತ್ತದೆ. ಬರೀ ಅಕ್ಷರ, ನಡುವೆ ಒಂದಷ್ಟು ಲಿಂಕು. ಮೂವತ್ತು ವರ್ಷ ದಾಟಿದ ಪುಟ ಇವತ್ತೂ ಓದಲು ಬರುತ್ತದೆ ಅಂದರೆ ಅದಕ್ಕೆ ಅದರ ಸರಳತನವೇ ಕಾರಣ. ನಿಮ್ಮ ಮೊದಲ ಪುಟವೂ ಹಾಗೇ ಇರಲಿ ಅಂತ ನನ್ನ ಆಸೆ.

ಈಗ ಕೆಲಸಕ್ಕೆ ಬರೋಣ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ಮೇಲೆ ದೊಡ್ಡದಾಗಿ ನಿಮ್ಮ ವಿಷಯದ ಹೆಸರು ಬರೆಯಿರಿ. ಕೆಳಗೆ ಎರಡು ಪ್ಯಾರಾ. ಒಂದು ಫೋಟೋಗೆ ಜಾಗ ಬಿಡಿ. ಕೊನೆಯಲ್ಲಿ ನಿಮ್ಮನ್ನು ಸಂಪರ್ಕಿಸಲು ಒಂದು ಇಮೇಲ್. ಸಾಕು. ಹತ್ತು ಪುಟದ ನಕ್ಷೆ ಹಾಕಿಕೊಂಡು ಕೂತವರು ತುಂಬಾ ಜನ ಶುರುವೇ ಮಾಡುವುದಿಲ್ಲ. ಒಂದು ಪುಟ ಮೊದಲು ಹೊರಗೆ ಬರಲಿ.

ಆ ಹಾಳೆಯಲ್ಲಿರುವುದನ್ನು ಕಂಪ್ಯೂಟರಿಗೆ ಹೇಳುವ ಭಾಷೆಯೇ ಎಚ್‌ಟಿಎಂಎಲ್. ಹೆಸರು ಕೇಳಿ ಹೆದರಬೇಡಿ. ಮೇಷ್ಟ್ರು ಉತ್ತರಪತ್ರಿಕೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾರಲ್ಲ, ಅಂಥದ್ದೇ ಗುರುತುಗಳು. ಚೂಪಾದ ಎರಡು ಕಂಸದ ನಡುವೆ ‘ಪಿ’ ಅಂತ ಬರೆದರೆ ಇಲ್ಲಿಂದ ಒಂದು ಪ್ಯಾರಾ ಶುರು ಅಂತ ಅರ್ಥ. ಅದೇ ಗುರುತಿಗೆ ಒಂದು ಓರೆಗೆರೆ ಸೇರಿಸಿದರೆ ಪ್ಯಾರಾ ಮುಗಿಯಿತು ಅಂತ. ತಲೆಬರಹಕ್ಕೆ ‘ಎಚ್ ಒಂದು’, ಲಿಂಕಿಗೆ ‘ಎ’, ಚಿತ್ರಕ್ಕೆ ‘ಐಎಂಜಿ’. ಈ ನಾಲ್ಕು ಗೊತ್ತಿದ್ದರೆ ನಿಮ್ಮ ಪುಟ ನಿಲ್ಲುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಜಾಗ ಇವನ್ನೆಲ್ಲಾ ನೋಡಿಕೊಳ್ಳುವುದು ಸಿಎಸ್‌ಎಸ್. ಅದು ಎರಡನೇ ವಾರದ ಕೆಲಸ.

ಫೈಲಿಗೆ ‘ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್’ ಅಂತಲೇ ಹೆಸರಿಡಿ, ಎಲ್ಲಾ ಇಂಗ್ಲಿಷಿನ ಚಿಕ್ಕ ಅಕ್ಷರದಲ್ಲಿ. ಯಾರಾದರೂ ನಿಮ್ಮ ವಿಳಾಸವನ್ನಷ್ಟೇ ಒತ್ತಿದರೆ ಸರ್ವರ್, ಅಂದರೆ ನಿಮ್ಮ ಪುಟ ಇಟ್ಟಿರುವ ಕಂಪ್ಯೂಟರ್, ಮೊದಲು ಹುಡುಕುವುದು ಈ ಹೆಸರಿನ ಫೈಲನ್ನೇ. ಆಮೇಲೆ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಇಂಟರ್‌ನೆಟ್ ಬೇಕಿಲ್ಲ, ಕರೆಂಟ್ ಹೋಗಿದ್ದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಆಗುತ್ತದೆ. ನಾನು ಮೊದಲ ಸಲ ನನ್ನದೇ ಸಾಲುಗಳನ್ನು ಬ್ರೌಸರಿನಲ್ಲಿ ನೋಡಿದಾಗ ಅಪ್ಪನನ್ನು ಕೂಗಿ ಕರೆದಿದ್ದೆ.

ಅವರು ಬರುವಷ್ಟರಲ್ಲಿ ಇನ್ನೊಂದು ಆಗಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಇದು ಮುಖ್ಯ. ನಾನು ಬರೆಯುತ್ತಿದ್ದದ್ದು ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ. ಒಂದು ಸಾಲು ತಿದ್ದಿ ಹೊಸ ಫೈಲಾಗಿ ಸೇವ್ ಮಾಡಿದೆ. ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಪೂರ್ತಿ ಓದಲಿಲ್ಲ, ಓಕೆ ಒತ್ತಿದೆ. ಮತ್ತೆ ತೆರೆದರೆ ಪುಟದ ತುಂಬಾ ಪ್ರಶ್ನಾರ್ಥಕ ಚಿಹ್ನೆ. ಅಪ್ಪ ಬಗ್ಗಿ ನೋಡಿ, “ಇದೇನ್ಲಾ, ಬರೀ ಕೊಕ್ಕೆ ಐತಲ್ಲ” ಅಂದರು.

ಕೊಪ್ಪರಿಗೆ ಅಂತ ಬರೆದಿದ್ದ ಕಡೆ ಒಂಬತ್ತು ಕೊಕ್ಕೆ ಇದ್ದವು. ನಮ್ಮ ಕಣ್ಣಿಗೆ ಕೊಪ್ಪರಿಗೆ ಅಂದರೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಒಂಬತ್ತು. ಕ, ಅದರ ಒತ್ವ, ಪ, ಒತ್ತು ಬರಿಸುವ ಹಲಂತ, ಮತ್ತೆ ಪ, ರ, ಗುಡಿಸು, ಗ, ಎತ್ವ. ಎಣಿಸಿ ನೋಡಿ. ಆಗಿದ್ದು ಇಷ್ಟು. ಆ ನೋಟ್‌ಪ್ಯಾಡ್ ಆನ್ಸಿ ಅನ್ನುವ ಹಳೆಯ ಪದ್ಧತಿಯಲ್ಲಿ ಸೇವ್ ಮಾಡುತ್ತಿತ್ತು. ಅದರಲ್ಲಿರುವುದು ಬರೀ 256 ಅಕ್ಷರಕ್ಕೆ ಜಾಗ. ಅದರಲ್ಲಿ ಕನ್ನಡ ಇಲ್ಲ. ಗುರುತು ಸಿಗದ ಪ್ರತಿ ಅಕ್ಷರದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕೂರಿಸಿತು. ಒಮ್ಮೆ ಹಾಗೆ ಸೇವ್ ಆದರೆ ಆ ಫೈಲಿನಲ್ಲಿದ್ದ ಕನ್ನಡ ಹೋಯ್ತು. ವಾಪಸ್ ಬರಲ್ಲ. ಅಪ್ಪ ಹೇಳಿದ್ದು ನೋಟ್‌ಬುಕ್ಕಿನಲ್ಲಿತ್ತು, ಹಾಗಾಗಿ ಬಚಾವಾದೆ.

ಪರಿಹಾರ ತುಂಬಾ ಸುಲಭ. ಸೇವ್ ಮಾಡುವ ಪೆಟ್ಟಿಗೆಯಲ್ಲಿ ಎನ್‌ಕೋಡಿಂಗ್ ಅಂತ ಇರುತ್ತದೆ, ಅಲ್ಲಿ ‘ಯುಟಿಎಫ್-8’ ಇದೆಯಾ ನೋಡಿ, ಅದು ಕನ್ನಡವೂ ಸೇರಿ ಎಲ್ಲಾ ಭಾಷೆಯ ಅಕ್ಷರ ಹಿಡಿಸುವ ಪದ್ಧತಿ. 2019ರಿಂದ ಈಚೆಗೆ ಬಂದ ವಿಂಡೋಸ್‌ಗಳಲ್ಲಿ ನೋಟ್‌ಪ್ಯಾಡ್ ತಾನಾಗೇ ಅದನ್ನು ಆರಿಸಿಕೊಳ್ಳುತ್ತದೆ. ಜೊತೆಗೆ ಪುಟದ ಮೇಲ್ಭಾಗದಲ್ಲಿ ‘ಕ್ಯಾರ್‌ಸೆಟ್ ಯುಟಿಎಫ್-8’ ಅನ್ನುವ ಒಂದು ಸಾಲು ಇರಬೇಕು. ಇದು ಬ್ರೌಸರಿಗೆ ನೀವು ಕೊಡುವ ಸೂಚನೆ. ಹಾಗೇ ಮೊದಲ ಗುರುತಿನಲ್ಲಿ ಭಾಷೆ ‘ಕೆಎನ್’ ಅಂತ ಹಾಕಿ, ಅಂದರೆ ಕನ್ನಡ. ಕಣ್ಣು ಕಾಣದವರು ಪುಟವನ್ನು ಓದಿಸಿಕೊಂಡು ಕೇಳುವಾಗ ಅವರ ಫೋನಿಗೆ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತಿಳಿಯುವುದು ಇದರಿಂದಲೇ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು. “ನನ್ನ ಹತ್ತಿರ ಇಪ್ಪತ್ತು ವರ್ಷದ ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನಗಳಿವೆ. ಇಂಟರ್‌ನೆಟ್ಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ, ಯಾಕೆ?” ಅಂತ ಕೇಳಿದರು. ಮೇಷ್ಟ್ರೇ, ನಿಮ್ಮ ಲೇಖನ ಹಾಳಾಗಿಲ್ಲ, ಧೈರ್ಯವಾಗಿರಿ. ಆ ಕಾಲದ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಕಾಣುತ್ತದೆ. ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೇ ಅಂತ 128 ಮನೆಗಳ ಪ್ರತ್ಯೇಕ ಬೀದಿ ಇದೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಅರ್ಕಾವತ್ತು ಮತ್ತು ಒತ್ತಕ್ಷರ ಅಲ್ಲಲ್ಲಿ ತಪ್ಪಿರುತ್ತವೆ. ಇಂಥ ಲೇಖನಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳ ಹಳೆಯ ಕಂಪ್ಯೂಟರಿನಲ್ಲಿ ಕೂತಿವೆಯೋ. ದಯವಿಟ್ಟು ತೆಗೆದು ಬದಲಿಸಿಡಿ.

ಕನ್ನಡದ್ದೇ ಇನ್ನೊಂದು ಮಾತು. ಇಂಗ್ಲಿಷಿಗೆ ಅಂತ ಮಾಡಿದ ವಿನ್ಯಾಸಗಳಲ್ಲಿ ಸಾಲಿನಿಂದ ಸಾಲಿಗೆ ಜಾಗ ಕಡಿಮೆ. ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತದಲ್ಲ, ‘ರಚ್ಚು’, ‘ಅಚ್ಚು’ ಅಂತ ಬರೆದಾಗ ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಮುಟ್ಟುತ್ತದೆ. ಓದುವವರಿಗೆ ಯಾಕೆ ಕಣ್ಣು ನೋಯುತ್ತಿದೆ ಅಂತಲೂ ಗೊತ್ತಾಗಲ್ಲ, ಸುಮ್ನೆ ಪುಟ ಮುಚ್ಚುತ್ತಾರೆ. ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ ಅಂತ ಇದೆ. ಅದನ್ನು 1.7ರ ಹತ್ತಿರ ಇಡಿ. ಅಕ್ಷರದ ಗಾತ್ರವೂ ಸ್ವಲ್ಪ ಜಾಸ್ತಿ ಇರಲಿ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ ಇವೆಲ್ಲಾ ದುಡ್ಡು ಕೊಡದೆ ಬಳಸಬಹುದಾದವು. ಒಂದೇ ಒಂದು ಫಾಂಟ್ ಸಾಕು. ಇನ್ನು ‘ವ್ಯೂಪೋರ್ಟ್’ ಅನ್ನುವ ಒಂದು ಸಾಲನ್ನು ಮರೆಯಬೇಡಿ. ಅದು ಇಲ್ಲದಿದ್ದರೆ ಫೋನು ನಿಮ್ಮ ಪುಟವನ್ನು ದೊಡ್ಡ ಕಂಪ್ಯೂಟರಿನ ಪುಟ ಅಂತ ತಿಳಿದು ಇರುವೆಯಷ್ಟು ಚಿಕ್ಕದಾಗಿ ತೋರಿಸುತ್ತದೆ.

ಫೋಟೋ ವಿಷಯದಲ್ಲಿ ಮೂರು ಕಡೆ ಎಡವುತ್ತೇವೆ. ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಹಾಗೇ ಹಾಕಿದರೆ ನೆಟ್‌ವರ್ಕ್ ಸರಿ ಇಲ್ಲದ ಹಳ್ಳಿಯಲ್ಲಿ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲಿಗೆ ಇಳಿಸಿದರೆ ಇನ್ನೂರು ಮುನ್ನೂರು ಕೆಬಿಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಎರಡನೆಯದು ಫೈಲಿನ ಹೆಸರು. ನನ್ನ ಕಂಪ್ಯೂಟರಿನಲ್ಲಿ ಗಾಣದ ಫೋಟೋ ಚೆನ್ನಾಗಿ ಕಾಣುತ್ತಿತ್ತು. ಸೈಟಿಗೆ ಹಾಕಿದ ಮೇಲೆ ಆ ಜಾಗದಲ್ಲಿ ಒಡೆದ ಚಿತ್ರದ ಗುರುತು. ಒಂದಿಡೀ ರಾತ್ರಿ ಹುಡುಕಿದೆ. ಕ್ಯಾಮೆರಾ ಫೈಲಿನ ಕೊನೆಗೆ ‘ಜೆಪಿಜಿ’ ಅಂತ ದೊಡ್ಡ ಅಕ್ಷರದಲ್ಲಿ ಇಟ್ಟಿತ್ತು, ನಾನು ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದೆ. ವಿಂಡೋಸಿಗೆ ಎರಡೂ ಒಂದೇ. ಸರ್ವರುಗಳು ಸಾಮಾನ್ಯವಾಗಿ ವಿಂಡೋಸಿನ ಬದಲು ಲಿನಕ್ಸ್ ಅನ್ನುವ ವ್ಯವಸ್ಥೆಯಲ್ಲಿ ನಡೆಯುತ್ತವೆ, ಅದಕ್ಕೆ ಎರಡೂ ಬೇರೆ ಬೇರೆ. ಅವತ್ತಿನಿಂದ ಎಲ್ಲಾ ಫೈಲಿಗೂ ಚಿಕ್ಕ ಅಕ್ಷರ, ನಡುವೆ ಖಾಲಿ ಜಾಗ ಇಲ್ಲ. ಈ ಒಂದು ಅಭ್ಯಾಸ ಮಾಡಿಕೊಂಡರೆ ನಿಮ್ಮ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಫೋನಿನ ಕ್ಯಾಮೆರಾಗೆ ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೋದ ಒಳಗೂ ಅದನ್ನು ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಸೇರಿರುತ್ತದೆ. ಮನೆಯ ಹಜಾರದಲ್ಲಿ ತೆಗೆದ ಫೋಟೋ ಹಾಕಿದರೆ ನಿಮ್ಮ ಮನೆ ಎಲ್ಲಿದೆ ಅಂತ ಊರಿಗೆಲ್ಲಾ ಹೇಳಿದ ಹಾಗೆ. ಹಾಕುವ ಮೊದಲು ಆ ಮಾಹಿತಿ ತೆಗೆಯಿರಿ. ವಿಂಡೋಸಿನಲ್ಲಿ ಫೋಟೋದ ಪ್ರಾಪರ್ಟೀಸ್‌ಗೆ ಹೋದರೆ ಅಲ್ಲೇ ತೆಗೆದುಹಾಕುವ ದಾರಿ ಇದೆ. ಮಕ್ಕಳ ಫೋಟೋ, ಮನೆ ವಿಳಾಸ, ದಿನಾ ಬಳಸುವ ಫೋನ್ ನಂಬರ್ ಇವನ್ನು ಹಾಕಲೇಬೇಡಿ. ಸೈಟಿಗೆ ಅಂತಲೇ ಒಂದು ಬೇರೆ ಇಮೇಲ್ ಮಾಡಿಕೊಳ್ಳಿ.

ಈಗ ಫೋಲ್ಡರ್ ಸಿದ್ಧ. ಅದನ್ನು ಹಗಲು ರಾತ್ರಿ ಆನ್ ಇರುವ ಒಂದು ಕಂಪ್ಯೂಟರಿನಲ್ಲಿ ಇಡಬೇಕು. ಅದನ್ನೇ ಹೋಸ್ಟಿಂಗ್ ಅನ್ನುವುದು. ಪಾಲಿಟೆಕ್ನಿಕ್ ಹುಡುಗನೊಬ್ಬ ಕೇಳಿದ, “ಅಣ್ಣ, ನಮ್ಮನೆ ಕಂಪ್ಯೂಟರಲ್ಲೇ ಇಡಬಹುದಲ್ವಾ?” ಅಂತ. ಒಳ್ಳೆಯ ಪ್ರಶ್ನೆ. ಅದು ಕೇಳಿದಾಗ ನನಗೆ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ನೆನಪಾದರು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದವರು. 1935ರಲ್ಲಿ ತಮ್ಮ ಮನೆಯಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ನಿಂತಿತು. ಒಬ್ಬ ಮೇಷ್ಟ್ರು ಮನೆಯಿಂದ ಮಾತಾಡಿದ್ದನ್ನು ಊರು ಕೇಳಿಸಿಕೊಂಡಿತು ಅನ್ನುವುದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ ಅನ್ನುತ್ತದೆ.

ಹಾಗಾಗಿ ಮನೆಯಲ್ಲೇ ಇಡಬಹುದು, ಕಲಿಯಲು ತುಂಬಾ ಒಳ್ಳೆಯದು. ಆದರೆ ಕರೆಂಟ್ ಹೋದರೆ ಸೈಟೂ ಹೋಗುತ್ತದೆ. ಮನೆಗೆ ಬರುವ ಇಂಟರ್‌ನೆಟ್ಟಿನ ಐಪಿ ನಂಬರ್, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್, ಆಗಾಗ ಬದಲಾಗುತ್ತಿರುತ್ತದೆ. ಕಳ್ಳಕಿಂಡಿ ಹುಡುಕುವವರಿಂದ ಕಾಯುವ ಕೆಲಸವೂ ನಿಮ್ಮದೇ. ಮೊದಲ ಸೈಟಿಗೆ ಬೇಡ.

ಪುಕ್ಕಟೆ ಜಾಗಗಳು ಬೇಕಾದಷ್ಟಿವೆ. ಗಿಟ್‌ಹಬ್ ಪೇಜಸ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್, ನಿಯೋಸಿಟೀಸ್. ನೆಟ್ಲಿಫೈಯಲ್ಲಿ ಫೋಲ್ಡರನ್ನೇ ಮೌಸಿನಿಂದ ಎಳೆದು ಬಿಟ್ಟರೆ ಪುಟ ಸಿದ್ಧ. ನಾನು ಬಳಸುವುದು ಗಿಟ್‌ಹಬ್ ಪೇಜಸ್. ಒಂದು ಜಿಬಿವರೆಗೂ ಜಾಗ ಸಿಗುತ್ತದೆ, ನನ್ನ ಆಲೆಮನೆಯಂಥ ಸೈಟುಗಳು ಅದರಲ್ಲಿ ಮುನ್ನೂರು ಹಿಡಿಸುತ್ತವೆ. ನಿಮ್ಮದೇ ವಿಳಾಸವನ್ನೂ ದುಡ್ಡಿಲ್ಲದೆ ಸೇರಿಸಬಹುದು. ಒಂದು ಎಚ್ಚರ, ಪುಕ್ಕಟೆ ಖಾತೆಯಲ್ಲಿ ನೀವು ಹಾಕಿದ ಎಲ್ಲಾ ಫೈಲೂ, ಹಳೆಯ ತಿದ್ದುಪಡಿ ಸಮೇತ, ಯಾರು ಬೇಕಾದರೂ ನೋಡಬಹುದು. ಪಾಸ್‌ವರ್ಡ್ ಬರೆದಿಟ್ಟ ಫೈಲು ಅಪ್ಪಿತಪ್ಪಿಯೂ ಆ ಫೋಲ್ಡರಿನಲ್ಲಿರಬಾರದು. ಓದುವವರಿಗೂ ಸೈಟಿಗೂ ನಡುವೆ ಹೋಗುವುದು ಬೇರೆಯವರಿಗೆ ಕಾಣದಂತೆ ಕಾಯುವ, ವಿಳಾಸದ ಶುರುವಿನಲ್ಲಿ ಬರುವ ಎಚ್‌ಟಿಟಿಪಿಎಸ್ ಭದ್ರತೆಗೆ ಮೊದಲೆಲ್ಲಾ ದುಡ್ಡು ಕೊಡಬೇಕಿತ್ತು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ ಬಂದ ಮೇಲೆ ಅದೂ ಪುಕ್ಕಟೆ. ಈ ಸೇವೆಗಳಲ್ಲಿ ತಾನಾಗೇ ಬರುತ್ತದೆ.

ಬ್ರೌಸರಿನಲ್ಲೇ ಬರೆದು ಸೈಟ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಬೇಡವಾ ಅಂತ ಒಬ್ಬರು ಕೇಳಿದರು. ದಿನಾ ಬರೆಯುವವರಿಗೆ, ನಾಲ್ಕು ಜನ ಸೇರಿ ನಡೆಸುವ ಸೈಟಿಗೆ ಅದು ಒಳ್ಳೆಯದು. ಆದರೆ ಅದರ ಹಿಂದೆ ಬರಹಗಳನ್ನು ಜೋಡಿಸಿಡುವ ಡೇಟಾಬೇಸ್ ಇರುತ್ತದೆ, ಆಗಾಗ ಅಪ್‌ಡೇಟ್ ಮಾಡಬೇಕು, ಬಿಟ್ಟರೆ ಯಾರೋ ಒಳಗೆ ನುಗ್ಗುತ್ತಾರೆ. ನನ್ನ ಫೋಲ್ಡರನ್ನು ಎರಡು ವರ್ಷ ಮುಟ್ಟದೆ ಬಿಟ್ಟರೂ ಅದು ಹಾಗೇ ಇರುತ್ತದೆ.

ಈಗ ವಿಳಾಸ. ನಾನು ಶುರುವಿನಲ್ಲಿ ಹೇಳುತ್ತೇನೆ ಅಂದಿದ್ದ ಕತೆ ಇಲ್ಲಿದೆ. ಆಲೆಮನೆಗೂ ಮೊದಲು ನನಗೊಂದು ಸೈಟ್ ಇತ್ತು. ಪರಿಚಯದವರೊಬ್ಬರು ಮಾಡಿಕೊಟ್ಟಿದ್ದರು. ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಕೊಂಡದ್ದೂ ಅವರೇ, ಅವರ ಇಮೇಲಿನಲ್ಲಿ, ಅವರ ಖಾತೆಯಲ್ಲಿ. ದುಡ್ಡು ಮಾತ್ರ ನನ್ನದು. ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ನವೀಕರಣದ ನೆನಪೋಲೆ ಅವರ ಹಳೆಯ ಇಮೇಲಿಗೆ ಹೋಯ್ತು. ನನಗೆ ಗೊತ್ತೇ ಆಗಲಿಲ್ಲ. ಒಂದು ದಿನ ನೆಂಟರೊಬ್ಬರು ಫೋನ್ ಮಾಡಿ, “ಏನಪ್ಪಾ, ನಿನ್ನ ಸೈಟಲ್ಲಿ ಜೂಜಿನ ಜಾಹೀರಾತು ಬರ್ತಿದೆ” ಅಂದರು. ಹೆಸರು ಬೇರೆ ಯಾರದೋ ಕೈ ಸೇರಿತ್ತು. ಅದೇ ವಿಳಾಸವನ್ನು ನಾನು ಅಕ್ಕನ ಮಗನ ಮದುವೆಯ ಕರೆಯೋಲೆಯಲ್ಲೂ ಅಚ್ಚು ಹಾಕಿಸಿದ್ದೆ. ಅವತ್ತು ಆದ ಸಂಕಟ ಇನ್ನೂ ಮರೆತಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು. ಉಳುವವರು ನೀವು, ಪಹಣಿ ಇನ್ನೊಬ್ಬರ ಹೆಸರಲ್ಲಿ. ಹಾಗಾಗಬಾರದು. ಸೈಟ್ ಯಾರೇ ಮಾಡಿಕೊಡಲಿ, ಅಣ್ಣನೇ ಇರಲಿ ಭಾವನೇ ಇರಲಿ, ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ನೋಂದಣಿಯಾಗಲಿ. ಆ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ಎರಡು ಹಂತದ ಲಾಗಿನ್ ಆನ್ ಮಾಡಿ.

ಇನ್ನೊಂದು ತಿಳಿದಿರಲಿ, ಡೊಮೇನ್ ಹೆಸರನ್ನು ಕ್ರಯಕ್ಕೆ ತಗೊಳ್ಳುವುದಲ್ಲ, ಗುತ್ತಿಗೆಗೆ ತಗೊಳ್ಳುವುದು. ವರ್ಷಕ್ಕಿಷ್ಟು ಅಂತ. ಒಂದೇ ಸಲಕ್ಕೆ ಹತ್ತು ವರ್ಷದವರೆಗೂ ಕಟ್ಟಬಹುದು. ಸಾಮಾನ್ಯವಾದ ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ತೊಂಬತ್ತೊಂಬತ್ತು ರೂಪಾಯಿ ಅಂತ ದೊಡ್ಡದಾಗಿ ಬರೆದಿದ್ದರೆ ಕೆಳಗೆ ನವೀಕರಣಕ್ಕೆ ಎಷ್ಟು ಅಂತ ಹುಡುಕಿ ಓದಿ. ನೀವು ವರ್ಷವರ್ಷ ಕಟ್ಟುವುದು ಅದನ್ನು. ‘ಡಾಟ್ ಕಾಮ್’ನಂಥ ಹೆಸರು ಅವಧಿ ಮುಗಿದು ತೆಗೆದುಹಾಕಿದ ಮೇಲೂ 30 ದಿನ ಹಳೆಯ ಮಾಲೀಕರಿಗೆ ವಾಪಸ್ ಪಡೆಯುವ ಅವಕಾಶವಿದೆ, ಆದರೆ ದಂಡ ಜಾಸ್ತಿ. ನವೀಕರಣದ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ.

ವಿಳಾಸವೇ ಕನ್ನಡದಲ್ಲಿದ್ದರೆ ಎಷ್ಟು ಚಂದ ಅಲ್ವಾ? ಅದೂ ಆಗುತ್ತದೆ. ‘ಡಾಟ್ ಭಾರತ’ ಅಂತ ಕನ್ನಡ ಲಿಪಿಯಲ್ಲೇ ಒಂದು ಕೊನೆಹೆಸರು ಇದೆ. ಒಳಗೊಳಗೆ ಕಂಪ್ಯೂಟರ್ ಅದನ್ನು ಇಂಗ್ಲಿಷ್ ಅಕ್ಷರಗಳ ಒಂದು ಗುಪ್ತ ರೂಪಕ್ಕೆ ಬದಲಿಸಿಕೊಳ್ಳುತ್ತದೆ, ಅದಕ್ಕೆ ಪ್ಯೂನಿಕೋಡ್ ಅನ್ನುತ್ತಾರೆ. ಕೆಲವು ಆ್ಯಪು, ಕೆಲವು ಫಾರ್ಮುಗಳು ಇನ್ನೂ ಇಂಥ ವಿಳಾಸವನ್ನು ಒಪ್ಪಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಒಂದು ಇಂಗ್ಲಿಷ್ ವಿಳಾಸ ಇಟ್ಟುಕೊಳ್ಳಿ, ಕೈಯಲ್ಲಿ ದುಡ್ಡಿದ್ದರೆ ಕನ್ನಡದ್ದನ್ನೂ ತಗೊಂಡು ಅದಕ್ಕೇ ತಿರುಗಿಸಿ.

ಹೆಸರು ಕೊಂಡ ಮೇಲೆ ಅದನ್ನು ಹೋಸ್ಟಿಂಗಿಗೆ ಜೋಡಿಸಬೇಕು. ಡಿಎನ್‌ಎಸ್ ಅನ್ನುವ ಪುಟದಲ್ಲಿ ಈ ಹೆಸರು ಇಂಥ ಕಡೆ ಹೋಗಲಿ ಅಂತ ಎರಡು ಮೂರು ಸಾಲು ತುಂಬುತ್ತೀರಿ. ಏನು ತುಂಬಬೇಕು ಅಂತ ಹೋಸ್ಟಿಂಗ್‌ನವರೇ ಬರೆದುಕೊಟ್ಟಿರುತ್ತಾರೆ, ನಕಲು ಮಾಡಿದರೆ ಸಾಕು. ಜೋಡಣೆ ಜಗತ್ತಿಗೆಲ್ಲಾ ತಲುಪಲು ಕೆಲವು ನಿಮಿಷದಿಂದ ಎರಡು ದಿನದವರೆಗೂ ಹಿಡಿಯಬಹುದು. ಗಾಬರಿಯಾಗಿ ಗಂಟೆಗೊಮ್ಮೆ ಬದಲಾಯಿಸಬೇಡಿ. ಮುಂದೆ ಹೋಸ್ಟಿಂಗ್‌ನವರು ಅಂಗಡಿ ಮುಚ್ಚಿದರೂ ಇದೇ ಎರಡು ಸಾಲು ಬದಲಿಸಿ, ಫೋಲ್ಡರನ್ನು ಬೇರೆ ಕಡೆ ಹಾಕಿದರೆ ಆಯ್ತು. ಓದುವವರಿಗೆ ವಿಳಾಸ ಅದೇ. ಜಿಯೋಸಿಟೀಸ್ ಅಂತ ಒಂದು ಸೇವೆ ಇತ್ತು, 1994ರಲ್ಲಿ ಶುರುವಾದದ್ದು. ಲಕ್ಷಗಟ್ಟಲೆ ಜನ ಅಲ್ಲಿ ಮೊದಲ ಪುಟ ಮಾಡಿದ್ದರು. 2009ರಲ್ಲಿ ಮುಚ್ಚಿತು. ಪ್ರತಿ ಇಟ್ಟುಕೊಂಡವರ ಪುಟ ಉಳಿಯಿತು. ಇಟ್ಟುಕೊಳ್ಳದ ಒಂದಷ್ಟು ಜನರದ್ದು ಉತ್ಸಾಹಿಗಳು ಹಗಲು ರಾತ್ರಿ ಕೂತು ನಕಲು ಮಾಡಿದ್ದರಿಂದ ಉಳಿಯಿತು.

“ಇದನ್ನೆಲ್ಲಾ ಯಾರು ನೋಡ್ತಾರೆ?” ಅಂತ ಹಿಂದಿನಿಂದ ಒಂದು ದನಿ ಬಂತು. ಶುರುವಿನಲ್ಲಿ ಯಾರೂ ನೋಡಲ್ಲ. ನಾಲ್ಕು ತಿಂಗಳು ನನ್ನ ಸೈಟಿಗೆ ಬಂದವರು ಮನೆಯವರೇ. ಗೂಗಲ್ಲಿನ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಸೇರಿಸಿದ ಮೇಲೆ ನಿಧಾನವಾಗಿ ಹುಡುಕಾಟದಲ್ಲಿ ಸಿಗತೊಡಗಿತು. ಒಂದು ಸಂಜೆ ಕೆ.ಆರ್. ಪೇಟೆ ಕಡೆಯ, ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗನೊಬ್ಬ ಇಮೇಲ್ ಕಳಿಸಿದ. ಅವರ ತಾತನೂ ಆಲೆಮನೆ ನಡೆಸುತ್ತಿದ್ದರಂತೆ. ಪಾಕ ಇಳಿಸುವ ಹೊತ್ತಿನ ಬಗ್ಗೆ ನಾನು ಬರೆದದ್ದರಲ್ಲಿ ಒಂದು ತಪ್ಪು ತೋರಿಸಿದ್ದ. ಅಪ್ಪನಿಗೆ ಓದಿ ಹೇಳಿದೆ. “ಆ ಹುಡ್ಗ ಹೇಳೋದೇ ಸರಿ” ಅಂದರು. ಅವತ್ತೇ ತಿದ್ದಿದೆ. ಆ ಒಂದು ಇಮೇಲಿಗೆ ನಾನು ಈ ಸೈಟನ್ನು ಹತ್ತು ವರ್ಷ ನಡೆಸಬಲ್ಲೆ.

ಕೊನೆಯ ಮುಕ್ಕಾಲು ಗಂಟೆ ಮಾತು ನಿಲ್ಲಿಸಿ ಎಲ್ಲರೂ ಕೂತು ಒಂದೊಂದು ಪುಟ ಮಾಡಿದೆವು. ಮಳವಳ್ಳಿ ಕಡೆಯ ಡಿಗ್ರಿ ಓದುವ ಹುಡುಗಿಯೊಬ್ಬಳು ತನ್ನ ಮನೆಯ ಬಂಡೂರು ಕುರಿಗಳ ಬಗ್ಗೆ ಬರೆದಳು. ಬಂಡೂರು ಅವರ ತಾಲ್ಲೂಕಿನದೇ ಊರು, ತಳಿಗೆ ಹೆಸರು ಬಂದದ್ದು ಅಲ್ಲಿಂದ. ಗಿಡ್ಡ ಕಾಲು, ಅಗಲ ಮೈ, ಹಿಂದಿನಿಂದ ನೋಡಿದರೆ ಕವುಚಿಟ್ಟ ಲಾಳದ ಹಾಗೆ ಕಾಣುತ್ತದೆ ಅಂತ ಎರಡು ಪ್ಯಾರಾ. ಒಂದು ಟಗರಿನ ಫೋಟೋ. ಫೋಲ್ಡರ್ ಎಳೆದು ಬಿಟ್ಟಳು, ಪುಟ ಬಂತು. ಕೂಡಲೇ ಲಿಂಕನ್ನು ಅವರಪ್ಪನಿಗೆ ವಾಟ್ಸಾಪ್ ಮಾಡಿದಳು.

ಐದು ನಿಮಿಷಕ್ಕೆ ಫೋನ್ ಬಂತು. ಸ್ಪೀಕರಿಗೆ ಹಾಕಿದಳು. “ಅದು ಮಾರಿದ್ ಟಗರು ಕಣವ್ವ. ಈಗಿರೋದ್ರ ಫೋಟೋ ಹಾಕು.” ಎಲ್ಲರೂ ನಕ್ಕೆವು. ಅವರು ಹೊಸ ಫೋಟೋ ಕಳಿಸಿದರು. ಇವಳು ಅದನ್ನು ಚಿಕ್ಕದು ಮಾಡಿ ಹಳೆಯ ಹೆಸರಿನಲ್ಲೇ ಸೇವ್ ಮಾಡಿ ಮತ್ತೆ ಹಾಕಿದಳು. ಪುಟ ತೆರೆದರೆ ಹಳೆಯ ಟಗರೇ ನಿಂತಿತ್ತು. ಬ್ರೌಸರ್ ಒಮ್ಮೆ ನೋಡಿದ ಚಿತ್ರವನ್ನು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ, ಅದೇ ಹೆಸರು ಕಂಡರೆ ಕೆಲವು ಸಲ ಹಳೆಯದನ್ನೇ ತೋರಿಸುತ್ತದೆ ಅಂತ ಹೇಳಿದೆ. ಅವಳು ಫೈಲಿನ ಹೆಸರಿನ ಕೊನೆಗೆ ‘2’ ಅಂತ ಸೇರಿಸಿದಳು, ಪುಟದಲ್ಲೂ ಹಾಗೇ ತಿದ್ದಿದಳು, ಚಿಕ್ಕ ಅಕ್ಷರ ಇದೆಯಾ ಅಂತ ಇನ್ನೊಮ್ಮೆ ನೋಡಿದಳು. ಫೋಲ್ಡರ್ ಎಳೆದು ಬಿಟ್ಟು ರಿಫ್ರೆಶ್ ಒತ್ತಿದಳು. ಹೊಸ ಟಗರು ಬಂತು.